ಕುದುರೆ ಕಟ್ಟಿಕೊಂಡು ಮಾರ್ಖಾ ಕಣಿವೆಗೆ: ಹೇರು, ಮೇವು, ಬಿಡಾರ

ಲಡಾಖಿನ ಲೇಹ್‌ನಲ್ಲಿ ಚಾರಣಕ್ಕೆ ಸಿದ್ಧವಾಗುವ ತಂಡಗಳು ಬೂಟು, ಜಾಕೆಟ್ಟು, ಮಲಗುವ ಚೀಲಗಳಿಗಾಗಿ ನಾಲ್ಕಾರು ಅಂಗಡಿ ಸುತ್ತುತ್ತವೆ. ಅದನ್ನೆಲ್ಲ ಹೊರಬೇಕಾದ ಕುದುರೆಯ ಬೆನ್ನನ್ನು ಮುಟ್ಟಿ ನೋಡುವವರು ಅಪರೂಪ. ಕುದುರೆ ಜೊತೆಗಿದ್ದರೆ ದಿನದ ಗಡಿಯಾರ ಅದರ ಹೊಟ್ಟೆಯದೇ ಹೊರತು ನಮ್ಮ ಕೈಗಡಿಯಾರದ್ದಲ್ಲ. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ತಂಗಬೇಕು, ಎಷ್ಟು ನಡೆಯಬೇಕು ಎಂಬುದೆಲ್ಲ ಹುಲ್ಲು ನೀರುಗಳ ಮೇಲೆ ನಿಂತಿದೆ. ಇದನ್ನು ಮೊದಲೇ ಒಪ್ಪಿಕೊಂಡು ಯೋಜನೆ ಹಾಕಿ.

ಇಲ್ಲಿ ಹೇಳುತ್ತಿರುವುದು ಚಿಲ್ಲಿಂಗ್‌ನಿಂದ ಸ್ಕಿಯು, ಮಾರ್ಖಾ, ಹಂಕರ್, ನಿಮಾಲಿಂಗ್ ಮೂಲಕ ಕೊಂಗ್ಮಾರು ಲಾ (ಲಾ ಎಂದರೆ ಬೆಟ್ಟಸಾಲು ದಾಟುವ ಎತ್ತರದ ದಾರಿ) ದಾಟಿ ಶಾಂಗ್ ಸುಮ್ದೊಗೆ ಇಳಿಯುವ ದಾರಿಯ ಬಗ್ಗೆ. ಐದು ಜನ ಚಾರಣಿಗರು, ಒಬ್ಬ ಮಾರ್ಗದರ್ಶಿ, ಒಬ್ಬ ಅಡುಗೆಯವ, ಕುದುರೆಯವ, ಆರು ದಿನ ಎಂಬ ಲೆಕ್ಕ. ಝನ್ಸ್ಕಾರ್, ಸ್ಪಿತಿ ಕಡೆಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಕಣಿವೆಯೊಳಗೆ ರಸ್ತೆ ವರ್ಷದಿಂದ ವರ್ಷಕ್ಕೆ ಮುಂದೆ ಸಾಗುತ್ತಿರುವುದರಿಂದ, ಕುದುರೆಗಳು ಎಲ್ಲಿಂದ ಜೊತೆಯಾಗುತ್ತವೆ ಎಂಬುದನ್ನು ಆ ವರ್ಷವೇ ಕೇಳಿ ಖಚಿತಮಾಡಿಕೊಳ್ಳಿ.

ಕಾಲ ಮತ್ತು ಎತ್ತರ

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಬಹುದು. ಜೂನ್‌ನಲ್ಲಿ ಮೇಲಿನ ಬಯಲುಗಳಲ್ಲಿ ಹುಲ್ಲು ಇನ್ನೂ ಗಿಡ್ಡ. ಜುಲೈ, ಆಗಸ್ಟ್‌ನಲ್ಲಿ ಹುಲ್ಲು ಚೆನ್ನಾಗಿರುತ್ತದೆ, ಆದರೆ ನದಿ ತುಂಬಿರುತ್ತದೆ. ಕುದುರೆಯ ದೃಷ್ಟಿಯಿಂದ ಆಗಸ್ಟ್ ಕೊನೆಯ ವಾರ ಮತ್ತು ಸೆಪ್ಟೆಂಬರ್ ಮೊದಲ ವಾರ ಒಳ್ಳೆಯದು. ನೀರು ಇಳಿದಿರುತ್ತದೆ, ಹುಲ್ಲು ಒಣಗುತ್ತ ಬಂದಿದ್ದರೂ ಸತ್ವ ಉಳಿದಿರುತ್ತದೆ.

ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಲೇಹ್ 3,500 ಮೀಟರಿನಲ್ಲಿ. ವಿಮಾನದಲ್ಲಿ ಒಂದೇ ದಿನಕ್ಕೆ ಅಲ್ಲಿ ಇಳಿದವರು ಕನಿಷ್ಠ ಮೂರು ರಾತ್ರಿ ಲೇಹ್‌ನಲ್ಲೇ ಕಳೆಯಬೇಕು. ಕುದುರೆಯವರ ದಿನಗೂಲಿ ಉಳಿಸಲು ಈ ದಿನಗಳನ್ನು ಕತ್ತರಿಸಬೇಡಿ. ಕುದುರೆಗಳು ಹುಟ್ಟಿದ್ದೇ ಆ ಎತ್ತರದಲ್ಲಿ, ಅವು ನಡೆಯುತ್ತವೆ, ಕುಸಿಯುವವರು ನಾವು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಮೇಲೆ ಇರಬಾರದು. ಹಂಕರ್‌ನ ಆಚೆ ತಚುಂಗ್ಸೆಯಲ್ಲಿ ಒಂದು ರಾತ್ರಿ ತಂಗದೆ ನೇರ ನಿಮಾಲಿಂಗ್‌ಗೆ ಹೋದರೆ ಈ ಲೆಕ್ಕ ತಪ್ಪುತ್ತದೆ.

ಎಷ್ಟು ಕುದುರೆ ಬೇಕು

ಝನ್ಸ್ಕಾರಿ ತಳಿಯ ಕುದುರೆ ಗಿಡ್ಡ, ಗಟ್ಟಿಮುಟ್ಟು. ಹೆಚ್ಚಿನವು ಬೂದು ಬಣ್ಣದವು. ತೂಕ ಬಹುತೇಕ 250ರಿಂದ 300 ಕೆ.ಜಿ. ನಮ್ಮ ದೇಶದ 1965ರ ಹೇರುಪ್ರಾಣಿಗಳ ನಿಯಮದ ಪ್ರಕಾರ ಇಂಥ ತಟ್ಟುವಿನ ಮೇಲೆ ಗರಿಷ್ಠ 70 ಕೆ.ಜಿ. ಹೇರಬಹುದು. ಹೇಸರಗತ್ತೆಗೆ ಮಿತಿ 200 ಕೆ.ಜಿ., ಕತ್ತೆಗೆ 50. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಆದರೆ 70 ಎಂಬುದು ಮೇಲ್ಮಿತಿ, ಗುರಿಯಲ್ಲ. ಐದು ಸಾವಿರ ಮೀಟರಿನ ಲಾ ದಾಟುವ ದಾರಿಯಲ್ಲಿ 50 ಕೆ.ಜಿ. ಇಟ್ಟುಕೊಂಡರೆ ಆರನೆಯ ದಿನವೂ ಕುದುರೆಯ ಬೆನ್ನು ನೆಟ್ಟಗಿರುತ್ತದೆ.

ಲೆಕ್ಕ ಹೀಗೆ. ಏಳು ಜನರಿಗೆ ದಿನಕ್ಕೆ ತಲಾ ಒಂದು ಕೆ.ಜಿ. ಆಹಾರ, ಆರು ದಿನಕ್ಕೆ 42 ಕೆ.ಜಿ. ಐದು ಕೆ.ಜಿ. ಗ್ಯಾಸಿನ ಸಿಲಿಂಡರ್ ಎರಡು, ತುಂಬಿದಾಗ ಸುಮಾರು 22. ಒಲೆ, ಪಾತ್ರೆ 18. ಅಡುಗೆಯ ಟೆಂಟು, ಊಟದ ಟೆಂಟು 25. ಮಲಗುವ ಟೆಂಟು ನಾಲ್ಕಕ್ಕೆ 20. ಮಲಗುವ ಚೀಲ, ಚಾಪೆ 21. ಚಾರಣಿಗರ ಚೀಲ ತಲಾ 12ರಂತೆ 60. ಅಡುಗೆಯವ, ಮಾರ್ಗದರ್ಶಿಯ ಚೀಲ 16. ಕುದುರೆಯವನ ಟೆಂಟು, ಹೊದಿಕೆ, ಊಟ 15. ಗುದ್ದಲಿ, ಹಗ್ಗ, ಔಷಧ ಪೆಟ್ಟಿಗೆ 10. ಒಟ್ಟು 249 ಕೆ.ಜಿ. ಐದು ಕುದುರೆ ಸಾಕು ಎಂದು ಇಲ್ಲಿಗೆ ಲೆಕ್ಕ ಮುಗಿಸುವುದೇ ಸಾಮಾನ್ಯ ತಪ್ಪು. ಕುದುರೆಯ ಕಾಳನ್ನೂ ಕುದುರೆಯೇ ಹೊರಬೇಕಲ್ಲ! ಒಂದಕ್ಕೆ ದಿನಕ್ಕೆ ಒಂದೂವರೆ ಕೆ.ಜಿ.ಯಂತೆ ಆರು ಕುದುರೆಗೆ ಆರು ದಿನಕ್ಕೆ 54 ಕೆ.ಜಿ. ಸೇರಿಸಿದರೆ 303 ಆಯಿತು. ಹಾಗಾಗಿ ಆರು ಕುದುರೆ. ಏಳನೆಯದು ಖಾಲಿ ಬರಲಿ. ಒಂದು ಕುಂಟಿದರೆ ಅದರ ಹೇರನ್ನು ಇದಕ್ಕೆ ಹಾಕಬಹುದು, ಅಸ್ವಸ್ಥರಾದವರನ್ನು ಇಳಿಸುವುದಕ್ಕೂ ಇದೇ ಆಗಬೇಕು. ಅದರ ಕಾಳು ಒಂಬತ್ತು ಕೆ.ಜಿ., ಅದನ್ನು ಅದೇ ಹೊರಲಿ.

ಸವಾರಿಗೂ ಮಿತಿಯಿದೆ. ಜೀನು, ಸವಾರ ಎರಡೂ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು ಎಂಬುದು ಎಲ್ಲ ಕಡೆ ಪಾಲಿಸುವ ಅಂದಾಜು. 280 ಕೆ.ಜಿ. ಕುದುರೆಗೆ ಅದು 56 ಕೆ.ಜಿ. 75 ಕೆ.ಜಿ. ತೂಗುವವರು ಸುಸ್ತಾಯಿತೆಂದು ಇಡೀ ದಿನ ಕುಳಿತು ಹೋಗುವ ವಾಹನ ಇದಲ್ಲ, ತುರ್ತಿಗೆ ಮಾತ್ರ. ಕಡಿದಾದ ಇಳಿಜಾರಿನಲ್ಲಿ ಹುಷಾರಾಗಿರುವವರೆಲ್ಲ ಇಳಿದು ನಡೆಯಬೇಕು.

ಕುದುರೆಯನ್ನು ನೋಡಿ ಒಪ್ಪಿಕೊಳ್ಳುವುದು

ಹೊರಡುವ ಹಿಂದಿನ ಸಂಜೆ ಕುದುರೆಗಳನ್ನು ಜೀನಿಲ್ಲದೆ ನೋಡಬೇಕು. ಹೇರು ಬಿದ್ದ ಮೇಲೆ ಏನೂ ಕಾಣುವುದಿಲ್ಲ.

ಮೊದಲು ಬೆನ್ನು. ಅಂಗೈಯನ್ನು ಹೆಗಲ ಉಬ್ಬಿನಿಂದ ಸೊಂಟದವರೆಗೆ ಬೆನ್ನುಮೂಳೆಯ ಎರಡೂ ಪಕ್ಕ ಒತ್ತಿ ಎಳೆಯಿರಿ. ಕುದುರೆ ಬೆನ್ನು ತಗ್ಗಿಸಿದರೆ, ಚರ್ಮ ನಡುಗಿಸಿದರೆ, ಕಿವಿ ಹಿಂದಕ್ಕೆ ಮಲಗಿಸಿದರೆ ಅಲ್ಲಿ ನೋವಿದೆ. ಕಪ್ಪು ಅಥವಾ ಕಂದು ಕುದುರೆಯ ಹೆಗಲ ಮೇಲೆ ರೂಪಾಯಿ ಅಗಲದ ಬಿಳಿ ಕೂದಲ ಮಚ್ಚೆಯಿದ್ದರೆ ಹಿಂದೆ ಆ ಜಾಗದಲ್ಲಿ ಜೀನು ಒತ್ತಿ ಗಾಯವಾಗಿತ್ತು ಎಂದರ್ಥ. ಹಳೆಯದಾದರೆ ಪರವಾಗಿಲ್ಲ, ಜೀನು ಈಗಲೂ ಅದೇ ಜಾಗಕ್ಕೆ ತಾಗುತ್ತಿದೆಯೇ ನೋಡಿ. ಹಸಿ ಗಾಯವಿದ್ದರೆ ಆ ಕುದುರೆ ಬೇಡವೇ ಬೇಡ, ಎಷ್ಟೇ ಒತ್ತಾಯ ಮಾಡಿದರೂ.

ನಂತರ ಗೊರಸು. ನಾಲ್ಕೂ ಕಾಲು ಎತ್ತಿಸಿ ನೋಡಿ. ಲಾಳ ಅಲುಗಾಡಬಾರದು, ಮೊಳೆಯ ಬಾಗಿದ ತುದಿ ಗೊರಸಿನ ಗೋಡೆಗೆ ಅಂಟಿಕೊಂಡಿರಬೇಕು. ಲಾಳ ಕಟ್ಟಿ ಆರೆಂಟು ವಾರ ಕಳೆದಿದ್ದರೆ ಹೊರಡುವ ಮುಂಚೆಯೇ ಹೊಸದು ಕಟ್ಟಿಸಲಿ, ಆದರೆ ಅದೇ ಬೆಳಿಗ್ಗೆ ಅಲ್ಲ. ತಪ್ಪಾಗಿ ಹೊಡೆದ ಮೊಳೆಯ ಕುಂಟು ಒಂದೆರಡು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಗೊರಸಿನ ತಳದ ಮೆತ್ತನೆಯ ಭಾಗದಿಂದ ಕೊಳೆತ ವಾಸನೆ ಬಂದರೆ ಅಲ್ಲಿ ಕೊಳೆ ಹಿಡಿದಿದೆ.

ಕೊನೆಗೆ ಗಟ್ಟಿ ನೆಲದ ಮೇಲೆ ಇಪ್ಪತ್ತು ಹೆಜ್ಜೆ ಓಡಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ತಲೆ ಮೇಲೇಳುತ್ತದೆ. ಮೂಗಿನಿಂದ ಒಂದೇ ಸಮ ಹಳದಿ ಕೀವು ಸೋರುತ್ತಿದ್ದರೆ, ಚರ್ಮದಲ್ಲಿ ಗಂಟು ಗಂಟಾಗಿ ಹುಣ್ಣಿದ್ದರೆ ದೂರ ನಿಲ್ಲಿ. ಗ್ಲಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯನಿಗೂ ಬರುತ್ತದೆ, ಅನುಮಾನ ಬಂದರೆ ಪಶುವೈದ್ಯರಿಗೆ ತಿಳಿಸಲೇಬೇಕು.

ಕುದುರೆಯವನ ಜೊತೆ ಹಣದ ಮಾತು ಆಗಲೇ ಮುಗಿಯಲಿ. ದಿನಗೂಲಿ ಕುದುರೆಗೆ ಎಷ್ಟು, ಆಳಿಗೆ ಎಷ್ಟು, ಖಾಲಿ ಕುದುರೆ ಹಿಂದಿರುಗುವ ದಿನಗಳಿಗೆ ಎಷ್ಟು, ಮೇವಿನ ಖರ್ಚು ಯಾರದು, ಮಳೆಗೆ ಒಂದು ದಿನ ನಿಂತರೆ ಏನು, ಕುದುರೆಗೆ ಅಪಾಯವಾದರೆ ಏನು. ಹಿಂದಿರುಗುವ ದಿನದ ಕೂಲಿ ಕೊಡುವುದು ಹಿಮಾಲಯದ ಉದ್ದಕ್ಕೂ ಇರುವ ರೂಢಿ, ಅದರಲ್ಲಿ ಚೌಕಾಸಿ ಬೇಡ. ಅವನಿಗೆ ಸರಿಯಾದ ಟೆಂಟು, ಬೆಚ್ಚನೆಯ ಹೊದಿಕೆ, ಹಿಮದ ಕನ್ನಡಕ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಒದಗಿಸಿ. ಚಳಿಯಲ್ಲಿ ನಿದ್ದೆಗೆಟ್ಟವನು ಬೆಳಿಗ್ಗೆ ಹೇರನ್ನು ಸರಿಯಾಗಿ ಕಟ್ಟಲಾರ.

ಹೇರು ಕಟ್ಟುವುದು

ಇಡೀ ಪ್ರವಾಸದ ಹಣೆಬರಹ ಬರೆಯುವುದು ಬೆಳಿಗ್ಗೆಯ ಈ ಅರ್ಧ ಗಂಟೆಯಲ್ಲಿ. ಕೊಕ್ಕೆಯಿರುವ ಒಂದು ತೂಕದ ಮಾಪಕ ಒಯ್ಯಿರಿ, ವಿಮಾನಕ್ಕೆ ಚೀಲ ತೂಗುವ ಸಣ್ಣದೇ ಸಾಕು.

1. ಬೆನ್ನನ್ನು ಬ್ರಷ್ಷಿನಿಂದ ಉಜ್ಜಿ ಮರಳು, ಒಣಗಿದ ಬೆವರು, ಹುಲ್ಲುಕಡ್ಡಿ ತೆಗೆಯಿರಿ. ರಾತ್ರಿ ಕುದುರೆ ಹೊರಳಾಡಿರುತ್ತದೆ. 50 ಕೆ.ಜಿ. ಕೆಳಗೆ ಸಿಕ್ಕ ಚಿಟಿಕೆ ಮರಳು ಮಧ್ಯಾಹ್ನದೊಳಗೆ ಚರ್ಮ ಸುಲಿಯುತ್ತದೆ.

2. ಕಂಬಳಿಯನ್ನು ಹೆಗಲಿಗಿಂತ ತುಸು ಮುಂದೆ ಹಾಕಿ ಕೂದಲು ಮಲಗಿದ ದಿಕ್ಕಿಗೆ ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಕೂದಲು ಮಡಚಿಕೊಂಡು ಕೆರೆಯುತ್ತದೆ. ಒಂದೇ ಒಂದು ಸುಕ್ಕು ಇರಬಾರದು.

3. ಜೀನು ಇಟ್ಟ ಮೇಲೆ ಹೆಗಲ ಉಬ್ಬಿನ ಮೇಲೆ ಕಂಬಳಿಯನ್ನು ಬೆರಳಿನಿಂದ ಎತ್ತಿ ಸಂದು ಮಾಡಿ. ಬೆನ್ನುಮೂಳೆಯ ಮೇಲೆ ಗಾಳಿ ಆಡಬೇಕು, ಭಾರ ಕೂರಬೇಕಾದ್ದು ಎರಡೂ ಬದಿಯ ಮಾಂಸದ ಮೇಲೆ.

4. ಹೊಟ್ಟೆಪಟ್ಟಿ ಬಿಗಿಯಿರಿ, ಮುಂಗಾಲಿನಿಂದ ನಾಲ್ಕು ಬೆರಳು ಹಿಂದೆ. ಪಟ್ಟಿಯೊಳಗೆ ಎರಡು ಬೆರಳು ಕಷ್ಟಪಟ್ಟು ತೂರಬೇಕು. ಏರಿಗೆ ಎದೆಪಟ್ಟಿ, ಇಳಿಜಾರಿಗೆ ಬಾಲಪಟ್ಟಿ ಎರಡೂ ಇರಲೇಬೇಕು. ಬಾಲಪಟ್ಟಿಗೆ ಬಟ್ಟೆ ಸುತ್ತಿರದಿದ್ದರೆ ಇಳಿಯುವ ದಿನ ಬಾಲದ ಬುಡ ಕಿತ್ತುಹೋಗುತ್ತದೆ.

5. ಎರಡು ಪಕ್ಕದ ಚೀಲಗಳನ್ನು ತೂಗಿ ಒಂದು ಕೆ.ಜಿ. ಒಳಗೆ ಸಮ ಮಾಡಿ. ಹಳೆಯ ಕಾಲದಲ್ಲಿ ನಮ್ಮಲ್ಲಿ ಹೇರೆತ್ತಿನ ಕಂಠಾಳ (ಎರಡು ಬದಿಗೆ ಜೋಲುವ ಚೀಲ) ತುಂಬುವಾಗಲೂ ಇದೇ ವಿದ್ಯೆ. ಭಾರದ ವಸ್ತು ತಳದಲ್ಲಿ, ಕುದುರೆಯ ಮೈಕಡೆಗೆ. ಚೂಪಾದದ್ದು, ಗಟ್ಟಿ ಮೂಲೆಯದ್ದು ಹೊರಕ್ಕೆ.

6. ಇಬ್ಬರು ಎರಡು ಕಡೆ ನಿಂತು ಚೀಲಗಳನ್ನು ಒಟ್ಟಿಗೇ ಎತ್ತಿ ತೂಗುಹಾಕಿ. ಒಂದನ್ನು ಹಾಕಿ ಇನ್ನೊಂದನ್ನು ಹುಡುಕಲು ಹೋದರೆ ಜೀನು ಹೊಟ್ಟೆಯಡಿಗೆ ತಿರುಗಿ ಕುದುರೆ ಬೆದರುತ್ತದೆ. ನಡುವೆ ಮೇಲೆ ಇಡುವುದು ಚಾಪೆ, ಟೆಂಟಿನಂಥ ಹಗುರ ವಸ್ತು ಮಾತ್ರ, ಹತ್ತು ಕೆ.ಜಿ. ಒಳಗೆ.

7. ಹಗ್ಗ ಬಿಗಿದು, ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ, ಹಿಂದಿನಿಂದ ನೋಡಿ. ಹೇರು ಎಡಬಲ ಸಮನಾಗಿ ತೂಗಬೇಕು. ಪಾತ್ರೆ ಗಲಗಲ ಸದ್ದು ಮಾಡಿದರೆ ಬಿಚ್ಚಿ ನಡುವೆ ಬಟ್ಟೆ ತುರುಕಿ. ಇಡೀ ದಿನ ಬೆನ್ನ ಮೇಲೆ ಗದ್ದಲವಿದ್ದರೆ ಯಾವ ಪ್ರಾಣಿಯೂ ಶಾಂತವಾಗಿರದು.

ಹೊರಟು ಹದಿನೈದು ಇಪ್ಪತ್ತು ನಿಮಿಷಕ್ಕೆ ನಿಂತು ಹೊಟ್ಟೆಪಟ್ಟಿಯನ್ನು ಮತ್ತೆ ಬಿಗಿಯಲೇಬೇಕು. ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ಕಂಬಳಿಯೂ ಆಮೇಲೆ ಕೂರುತ್ತದೆ. ಮುಂಜಾನೆಯ ಮೊದಲ ಏರಿನಲ್ಲೇ ಹೇರು ಜಾರಿದರೆ ಕಾರಣ ಬಹುಪಾಲು ಇದೇ.

ಸಂಜೆ ಬಂದ ಕೂಡಲೇ ಜೀನು ಕೀಳಬೇಡಿ. ಹೇರು ಇಳಿಸಿ, ಪಟ್ಟಿ ಸಡಿಲಿಸಿ, ಹದಿನೈದು ನಿಮಿಷ ಬಿಡಿ. ಜೀನು ತೆಗೆದ ಮೇಲೆ ಬೆವರಿನ ಗುರುತು ನೋಡಿ. ಎಲ್ಲ ಕಡೆ ಒದ್ದೆಯಾಗಿ ನಡುವೆ ಅಂಗೈಯಗಲ ಒಣಗಿದ ಜಾಗವಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿ ರಕ್ತ ಓಡಿಲ್ಲ. ಗಾಯ ಹುಟ್ಟುವ ಜಾಗ ಒಂದು ದಿನ ಮೊದಲೇ ಹೀಗೆ ಗುರುತು ಕೊಡುತ್ತದೆ. ಮರುದಿನ ಆ ಜಾಗದಲ್ಲಿ ಕಂಬಳಿಗೆ ತೂತು ಬರುವಂತೆ ಸುತ್ತ ಮಡಿಕೆ ಇಡಿ, ಅಥವಾ ಆ ಕುದುರೆಯನ್ನು ಖಾಲಿ ನಡೆಸಿ.

ದಾರಿ ಮತ್ತು ನದಿ

ಹೇರು ಹೊತ್ತ ಕುದುರೆಗಳು ಎದುರಾದರೆ ಬೆಟ್ಟದ ಕಡೆಗೆ ಸರಿದು ನಿಲ್ಲಿ. ಕಣಿವೆಯ ಅಂಚಿನ ಕಡೆ ಎಂದೂ ನಿಲ್ಲಬೇಡಿ. ಕುದುರೆಗೆ ತನ್ನ ಮೈಯಗಲ ಗೊತ್ತು, ಬೆನ್ನ ಮೇಲಿನ ಚೀಲದ ಅಗಲ ಗೊತ್ತಿಲ್ಲ. ಹಿಂದಿನಿಂದ ಓಡಿ ಹೋಗಿ ದಾಟುವುದು, ಫಕ್ಕನೆ ಕೊಡೆ ಬಿಚ್ಚುವುದು, ಕಾಲ ಬುಡದಲ್ಲಿ ಫೋಟೋಗೆ ಕೂರುವುದು ಬೇಡ. ಕಿರಿದಾದ ದಾರಿಯಲ್ಲಿ ಒಂದರ ಬಾಲಕ್ಕೆ ಇನ್ನೊಂದರ ಹಗ್ಗ ಕಟ್ಟಿದರೆ ಒಂದು ಜಾರಿದಾಗ ಎಲ್ಲವೂ ಜಾರುತ್ತವೆ. ಲಡಾಖಿನವರು ಕಟ್ಟದೆ ಬಿಟ್ಟೇ ನಡೆಸುತ್ತಾರೆ, ಅದೇ ಸರಿ.

ಮಾರ್ಖಾ ನದಿಯನ್ನು ಸೇತುವೆ ಇಲ್ಲದ ಕಡೆ ನೀರಿಗಿಳಿದೇ ದಾಟಬೇಕಾಗಬಹುದು. ಅದು ಹಿಮ ಕರಗಿ ಬರುವ ನೀರು. ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಬಿಸಿಲೇರಿದ ಮೇಲೆ ತೊಡೆಗೆ ಬರುತ್ತದೆ. ದಾಟುವ ಜಾಗ ಮಧ್ಯಾಹ್ನ ಸಿಗುವಂತಿದ್ದರೆ ಹಿಂದಿನ ದಿನದ ಬಿಡಾರವನ್ನೇ ಬದಲಿಸಿ. ನದಿ ಅಗಲವಾಗಿ ಹಲವು ಕವಲಾಗಿ ಹರಿಯುವಲ್ಲಿ ದಾಟಬೇಕು, ಇಕ್ಕಟ್ಟಾಗಿ ಹರಿಯುವಲ್ಲಿ ಅಲ್ಲ. ಮೊದಲು ಅನುಭವಿ ಕುದುರೆ ಖಾಲಿ ಹೋಗಲಿ. ನೀರು ಹೇರಿನ ಚೀಲಕ್ಕೆ ತಾಗುವಷ್ಟಿದ್ದರೆ ಕಾಯಿರಿ. ಚೀಲಕ್ಕೆ ಪ್ರವಾಹ ಸಿಕ್ಕರೆ ಕುದುರೆಯನ್ನು ಹಾಯಿಯಂತೆ ತಳ್ಳುತ್ತದೆ. ಸವಾರಿಯಲ್ಲಿ ದಾಟುವವರು ರಿಕಾಪಿನಲ್ಲಿ (ಜೀನಿನಿಂದ ತೂಗುವ, ಕಾಲೂರುವ ಬಳೆ) ಪಾದದ ತುದಿ ಮಾತ್ರ ಇಟ್ಟು, ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿ, ಎದುರು ದಡ ನೋಡುತ್ತ ಕೂರಬೇಕು. ನೀರನ್ನು ನೋಡಿದರೆ ತಲೆ ಸುತ್ತುತ್ತದೆ.

ಬಿಡಾರ ಹೂಡುವುದು

ಮಧ್ಯಾಹ್ನ ಒಂದೂವರೆ ಎರಡು ಗಂಟೆಯೊಳಗೆ ತಂಗುವ ಜಾಗ ಮುಟ್ಟಿ. ಬಿಟ್ಟ ಕುದುರೆ ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ಮೇಯುವ ಪ್ರಾಣಿ. ದುಡಿಯುವ ದಿನ ಎಂಟು ಗಂಟೆಯಾದರೂ ಮೇಯಲು ಸಿಗದಿದ್ದರೆ ನಾಲ್ಕನೆಯ ದಿನಕ್ಕೆ ಪಕ್ಕೆಲುಬು ಎಣಿಸುವಂತಾಗುತ್ತದೆ.

ಜಾಗ ಆರಿಸುವಾಗ ಮೊದಲು ತಲೆ ಎತ್ತಿ ಮೇಲಿನ ಕೊರಕಲು ನೋಡಿ. ಒಣಗಿದ ನಾಲೆಯ ತಳ, ಕಲ್ಲುಮಣ್ಣು ಬೀಸಣಿಗೆಯಂತೆ ಹರಡಿದ ಜಾಗ ಎಷ್ಟೇ ಸಮತಟ್ಟಾಗಿದ್ದರೂ ಬೇಡ. 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾದಾಗ ಇಂಥ ಒಣ ನಾಲೆಗಳಲ್ಲೇ ಕೆಸರಿನ ಪ್ರವಾಹ ಇಳಿದು ನೂರಾರು ಜನ ಸತ್ತರು. ಮರುಭೂಮಿಯಲ್ಲಿ ಮಳೆ ಎಲ್ಲಿ ಎಂದು ಮೈಮರೆಯಬೇಡಿ.

ಟೆಂಟು, ಕುದುರೆ, ಶೌಚ ಮೂರೂ ನೀರಿನಿಂದ 60 ಮೀಟರ್, ಅಂದರೆ ಎಂಬತ್ತು ಹೆಜ್ಜೆ ದೂರ. ನೀರು ಹರಿಯುವ ದಿಕ್ಕಿನಲ್ಲಿ ಕ್ರಮ ಹೀಗಿರಲಿ: ಮೇಲೆ ಕುಡಿಯುವ ನೀರು ತುಂಬುವ ಜಾಗ, ಅದರ ಕೆಳಗೆ ಪಾತ್ರೆಗೆ ನೀರೆತ್ತುವ ಜಾಗ, ಎಲ್ಲಕ್ಕಿಂತ ಕೆಳಗೆ ಕುದುರೆ ನೀರು ಕುಡಿಯುವ ಜಾಗ. ಕುದುರೆಗಳನ್ನು ಅಡುಗೆ ಟೆಂಟನ್ನು ದಾಟಿ ಗಾಳಿ ಬೀಸಿ ಹೋಗುವ ಬದಿಗೆ ಕಟ್ಟಿ. ಟೆಂಟಿನ ಹಗ್ಗಗಳಿಂದ ಮೂವತ್ತು ಮೀಟರ್ ದೂರವಿರಲಿ. ಕತ್ತಲಲ್ಲಿ ಆ ಹಗ್ಗ ಕುದುರೆಗೆ ಕಾಣದು.

ಇಲ್ಲಿ ಮರವೆಂದರೆ ಹಳ್ಳಿಯವರು ನೆಟ್ಟು ನೀರು ಹನಿಸಿ ಬೆಳೆಸಿದ ವಿಲೋ, ಪೋಪ್ಲರ್ ಮಾತ್ರ. ಅದಕ್ಕೆ ಕುದುರೆ ಕಟ್ಟಬಾರದು. ಬೇಸರಕ್ಕೆ ತೊಗಟೆ ಸುಲಿದು ತಿನ್ನುತ್ತದೆ, ಮರ ಸಾಯುತ್ತದೆ. ಎರಡು ಕಬ್ಬಿಣದ ಗೂಟ ಹೊಡೆದು ನೆಲದ ಮೇಲೆ ದಪ್ಪ ಹಗ್ಗ ಎಳೆದು, ಅದಕ್ಕೆ ಒಂದೊಂದು ಕುದುರೆಯ ಒಂದು ಮುಂಗಾಲನ್ನು ಅಗಲ ಪಟ್ಟಿಯಿಂದ ಕಟ್ಟುವುದು ಸುರಕ್ಷಿತ. ನಡುವೆ ಮೂರು ಮೀಟರ್ ಅಂತರ, ಒದೆಯುವ ಕುದುರೆ ಕೊನೆಯಲ್ಲಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ.

ಮೇಯಲು ಬಿಡುವಾಗ ಮುಂಗಾಲೆರಡಕ್ಕೆ ಕಾಲ್ಕಟ್ಟು ಹಾಕುತ್ತಾರೆ. ಕಾಲ್ಕಟ್ಟು ಹಾಕಿದ ಕುದುರೆ ಕುಪ್ಪಳಿಸಿಕೊಂಡೇ ರಾತ್ರಿಯಲ್ಲಿ ಎರಡು ಮೂರು ಕಿಲೋಮೀಟರ್ ಹೋಗಬಲ್ಲದು, ಅದರಲ್ಲೂ ಊರ ಕಡೆಗೆ. ಬೆಳಿಗ್ಗೆ ಎಂಟಾದರೂ ಕುದುರೆ ಸಿಗಲಿಲ್ಲ ಎಂಬ ತಾಪತ್ರಯಕ್ಕೆ ಇದೇ ಮೂಲ. ಹಿಂಡಿನ ಮುಂದಾಳು ಹೆಣ್ಣುಕುದುರೆಯೊಂದನ್ನು ಬಿಡಾರದಲ್ಲೇ ಕಟ್ಟಿ ಉಳಿದವನ್ನು ಬಿಟ್ಟರೆ ಅವು ದೂರ ಹೋಗುವುದು ಕಡಿಮೆ. ಕೊರಳಿಗೆ ಗಂಟೆಯಿರಲಿ. ಮಾರ್ಖಾ ಕಣಿವೆ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿದೆ, ಹಿಮಚಿರತೆ, ತೋಳ ಎರಡೂ ಇವೆ. ಮರಿಕುದುರೆ ಜೊತೆಗಿದ್ದರೆ ರಾತ್ರಿ ಎಲ್ಲವನ್ನೂ ಕಟ್ಟಲೇಬೇಕು.

ಜುಲೈ, ಆಗಸ್ಟ್‌ನಲ್ಲಿ ಹಳ್ಳಿಗಳ ಪಕ್ಕ ಬಾರ್ಲಿ, ಬಟಾಣಿ ನಿಂತಿರುತ್ತದೆ. ಕಲ್ಲಿನ ಗೋಡೆ ಮೊಣಕಾಲೆತ್ತರ. ಒಂದು ರಾತ್ರಿ ಮೂರು ಕುದುರೆ ನುಗ್ಗಿದರೆ ಒಂದು ಮನೆಯ ಚಳಿಗಾಲದ ಹಿಟ್ಟು ಹೋಯಿತು. ಅಂಥ ಜಾಗದಲ್ಲಿ ಬಿಡುವುದೇ ಬೇಡ, ಹುಲ್ಲು ಕೊಂಡು ಹಾಕಿ.

ಶೌಚಕ್ಕೆ ಹಳ್ಳಿಗಳಲ್ಲಿ ಲಡಾಖಿ ಒಣ ಶೌಚಾಲಯ ಬಳಸಿ, ಅದು ಹೊಲಕ್ಕೆ ಗೊಬ್ಬರವಾಗುತ್ತದೆ. ಇಲ್ಲದ ಕಡೆ ಗೇಣುದ್ದ ಗುಂಡಿ. ಕಾಗದ, ಪ್ಲಾಸ್ಟಿಕ್ ಎಲ್ಲ ಕುದುರೆಯ ಮೇಲೆ ವಾಪಸ್. ಲದ್ದಿಯನ್ನು ಬಯಲಿನಲ್ಲಾದರೆ ಕಾಲಿನಿಂದ ಚದುರಿಸಿ, ಹಳ್ಳಿಯಲ್ಲಾದರೆ ಒಂದು ಕಡೆ ಗುಡ್ಡೆ ಮಾಡಿ. ಒಣಗಿಸಿ ಉರುವಲು ಮಾಡುವವರಿಗೆ ಅದು ಬೇಕು.

ಮೇವು, ಕಾಳು, ನೀರು

ಕುದುರೆಗೆ ದಿನಕ್ಕೆ ಮೈತೂಕದ ನೂರಕ್ಕೆ ಎರಡರಷ್ಟು ಒಣ ಆಹಾರ ಬೇಕು, ಅಂದರೆ ಐದಾರು ಕೆ.ಜಿ. ಒಣಹುಲ್ಲು. ಹಸಿ ಹುಲ್ಲಾದರೆ ಇಪ್ಪತ್ತು ಕೆ.ಜಿ.ಗೂ ಹೆಚ್ಚು. ಕಾಳು ಇದಕ್ಕೆ ಬದಲಿ ಅಲ್ಲ, ಮೇಲುಪೂರಕ. ಜಠರ ಸಣ್ಣದು, ಕುದುರೆ ವಾಂತಿ ಮಾಡಲಾರದು. ಆದ್ದರಿಂದ ಒಂದೂವರೆ ಕೆ.ಜಿ.ಯನ್ನು ಎರಡು ಪಾಲು ಮಾಡಿ, ಬೆಳಿಗ್ಗೆ ಹೇರು ಕಟ್ಟುವ ಒಂದು ಗಂಟೆ ಮೊದಲು ಮುಕ್ಕಾಲು, ಸಂಜೆ ದಣಿವಾರಿದ ಒಂದು ಗಂಟೆಯ ನಂತರ ಮುಕ್ಕಾಲು ಕೊಡಿ. ಇಂದು ಹೆಚ್ಚು ದುಡಿಯಿತೆಂದು ಒಮ್ಮೆಗೇ ಎರಡು ಕೆ.ಜಿ. ಸುರಿಯುವ ಪ್ರೀತಿ ಹೊಟ್ಟೆನೋವಿಗೆ ದಾರಿ.

ಯಾವ ಕಾಳು? ಆ ಕುದುರೆ ಮನೆಯಲ್ಲಿ ತಿನ್ನುತ್ತಿದ್ದದ್ದೇ. ಲಡಾಖ್‌ನಲ್ಲಿ ಅದು ಹೆಚ್ಚಾಗಿ ಬಾರ್ಲಿ. ಕುದುರೆಗೆ ಹುರಳಿ ಎಂಬುದು ನಮ್ಮ ಕಡೆಯ ಅಭ್ಯಾಸ. ಅದು ಒಳ್ಳೆಯ ಆಹಾರವೇ, ಆದರೆ ಬೇಯಿಸಿ ಅಥವಾ ರಾತ್ರಿಯಿಡೀ ನೆನೆಸಿ ಕೊಡಬೇಕು, ಹೊಸದಾಗಿ ಶುರುಮಾಡಲು ಏಳೆಂಟು ದಿನ ಬೇಕು. ಆರು ದಿನದ ಪ್ರವಾಸದಲ್ಲಿ ಈ ಬದಲಾವಣೆ ಮಾಡಬಾರದು. ಹಳ್ಳಿಗಳಲ್ಲಿ ಕುದುರೆಮಸಾಲೆ ಸೊಪ್ಪು ಮಾರಾಟಕ್ಕೆ ಸಿಗುತ್ತದೆ, ಅಲ್ಲಿನವರು ಅದಕ್ಕೆ ‘ಓಲ್’ ಎನ್ನುತ್ತಾರೆ. ಹಸಿದ ಕುದುರೆಗೆ ಹಸಿ ಸೊಪ್ಪನ್ನು ನೇರ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಒಣಹುಲ್ಲು, ಆಮೇಲೆ ಸೊಪ್ಪು, ಅದೂ ಬಾಡಿಸಿದ್ದು. ದಿನಕ್ಕೆ ಎರಡು ದೊಡ್ಡ ಚಮಚ ಉಪ್ಪನ್ನು ಕಾಳಿಗೆ ಬೆರೆಸಿ. ಬೆವರಿದ ಕುದುರೆಗೆ ಉಪ್ಪು ಸಿಗದಿದ್ದರೆ ನೀರು ಕುಡಿಯುವುದೂ ಕಡಿಮೆಯಾಗುತ್ತದೆ.

ನೀರು ದಿನಕ್ಕೆ 20ರಿಂದ 30 ಲೀಟರ್. ಕಾಳಿಗೆ ಮೊದಲು ನೀರು, ದಾರಿಯಲ್ಲಿ ಸಿಕ್ಕ ತೊರೆಗಳಲ್ಲೆಲ್ಲ ನಿಂತು ಕುಡಿಯಲು ಬಿಡಿ. ಮುಂಜಾನೆಯ ಹಿಮನೀರು ತೀರಾ ತಣ್ಣಗಿದ್ದರೆ ಕುದುರೆ ಮುಖ ತಿರುಗಿಸುತ್ತದೆ. ಅಡುಗೆಯವ ಒಂದು ಕೆಟಲ್ ಬಿಸಿನೀರು ಬಕೆಟ್ಟಿಗೆ ಸುರಿದರೆ ಕುಡಿಯುತ್ತದೆ.

ಕಾಯಿಲೆ, ಗಾಯ

ನಿಂತಿರುವ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಎತ್ತರದಲ್ಲಿ ಎರಡೂ ತುಸು ಹೆಚ್ಚಿರಬಹುದು. ದವಡೆಯ ಒಳಅಂಚಿನ ರಕ್ತನಾಳದ ಮೇಲೆ ಬೆರಳಿಟ್ಟು ಎಣಿಸಿ. ಏರು ಮುಗಿಸಿ ಕಾಲು ಗಂಟೆ ನಿಂತ ಮೇಲೂ ನಾಡಿ 64ರ ಮೇಲೇ ಇದ್ದರೆ ಹೇರು ಹೆಚ್ಚಾಗಿದೆ ಅಥವಾ ಮೈಯಲ್ಲಿ ಏನೋ ನೋವಿದೆ.

ಎಲ್ಲಕ್ಕಿಂತ ಭಯಪಡಬೇಕಾದ್ದು ಹೊಟ್ಟೆನೋವಿಗೆ. ಮೇವು ಬಿಟ್ಟು ನೆಲ ಕೆರೆಯುವುದು, ಪಕ್ಕೆಯನ್ನು ತಿರುತಿರುಗಿ ನೋಡುವುದು, ಮಲಗಿ ಎದ್ದು ಹೊರಳಾಡುವುದು, ಲದ್ದಿ ನಿಲ್ಲುವುದು ಇದರ ಗುರುತು. ಕೂಡಲೇ ಮೇವು ತೆಗೆದುಬಿಡಿ. ಸಮತಟ್ಟಿನಲ್ಲಿ ಹತ್ತು ನಿಮಿಷ ಮೆಲ್ಲಗೆ ನಡೆಸಿ, ಹತ್ತು ನಿಮಿಷ ನಿಲ್ಲಿಸಿ. ಬಾಯಿಗೆ ಎಣ್ಣೆ ಹುಯ್ಯುವುದು ಬೇಡ. ನೋವಿನಲ್ಲಿ ಅದು ಶ್ವಾಸಕೋಶಕ್ಕೆ ಹೋಗಿ ಕುದುರೆ ಸಾಯಬಹುದು. ಒಂದು ಗಂಟೆಯಲ್ಲಿ ತಗ್ಗದಿದ್ದರೆ ಖಾಲಿ ಮಾಡಿ ರಸ್ತೆಯ ಕಡೆಗೆ ಇಳಿಸಿ, ಒಬ್ಬರನ್ನು ಮುಂದೆ ಓಡಿಸಿ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿ.

ಕಣಿವೆಯೊಳಗೆ ಫೋನನ್ನು ನಂಬಬೇಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅಮೆರಿಕ, ಯೂರೋಪಿನಿಂದ ಬರುವ ನಮ್ಮವರು ಅಲ್ಲಿನ ರೂಢಿಯಂತೆ ಉಪಗ್ರಹ ಸಂದೇಶ ಸಾಧನ ತರುತ್ತಾರೆ. ಅನುಮತಿಯಿಲ್ಲದೆ ಅದನ್ನಾಗಲಿ ಸ್ಯಾಟಲೈಟ್ ಫೋನನ್ನಾಗಲಿ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ.

ಜೀನಿನ ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ನಿಜವಾದ ಔಷಧಿ ಆ ಬೆನ್ನಿನ ಮೇಲೆ ಮತ್ತೆ ಏನೂ ಹೇರದಿರುವುದು. ಪೆಟ್ಟಿಗೆಯಲ್ಲಿ ಮುಂಗಾಲಿನ ಎರಡು ಲಾಳ, ಹಿಂಗಾಲಿನ ಎರಡು, ಇಪ್ಪತ್ತು ಮೊಳೆ, ಸುತ್ತಿಗೆ, ಅರ, ಇಕ್ಕಳ, ಅಗಲದ ಅಂಟು ಬ್ಯಾಂಡೇಜು ಇರಲಿ. ಲಾಳ ಬಿದ್ದು ಕಟ್ಟುವವರಿಲ್ಲದಿದ್ದರೆ ಗೊರಸಿಗೆ ದಪ್ಪ ಬಟ್ಟೆಯಿಟ್ಟು, ಹಳೆಯ ರಬ್ಬರ್ ಟ್ಯೂಬು ಸುತ್ತಿ, ಟೇಪು ಬಿಗಿದರೆ ಒಂದು ದಿನ ಬರುತ್ತದೆ.

ನಿಮಾಲಿಂಗ್, ಕೊಂಗ್ಮಾರು ಲಾ

ನಿಮಾಲಿಂಗ್ ಸುಮಾರು 4,800 ಮೀಟರಿನ ಬಯಲು, ಕಣಿವೆಯ ಹಳ್ಳಿಯವರ ಬೇಸಿಗೆಯ ಹುಲ್ಲುಗಾವಲು. ಕುರಿ, ಆಡು, ಯಾಕ್‌ಗಳಿಗೆ ಸೇರಿದ ಹುಲ್ಲು ಅದು. ಕಾಳು ಹೊತ್ತು ಬಂದಿರುವುದು ಮುಖ್ಯವಾಗಿ ಈ ರಾತ್ರಿಗಾಗಿ. ಆಗಸ್ಟ್‌ನಲ್ಲೂ ಹಿಮ ಬೀಳಬಹುದು. ಕುದುರೆ ಒಣ ಚಳಿಯನ್ನು ತಡೆಯುತ್ತದೆ. ಬೆವರು ಆರದ ಬೆನ್ನಿಗೆ ಗಾಳಿ ಬಿದ್ದರೆ ತಡೆಯದು. ಒರೆಸಿ, ಒಣಗಿದ ಮೇಲೆ ಕಂಬಳಿ ಹೊದಿಸಿ ಗಾಳಿಗೆ ಬೆನ್ನು ಮಾಡಿ ಕಟ್ಟಿ.

ಆ ಸಂಜೆ ಪ್ರತಿಯೊಬ್ಬರನ್ನೂ ವಿಚಾರಿಸಿ. ತಲೆನೋವಿನ ಜೊತೆ ವಾಂತಿ ಇರುವವರು ಮೇಲಕ್ಕೆ ಹೋಗಬಾರದು. ಹೆಜ್ಜೆ ತಡವರಿಸುವವರನ್ನು, ಕೂತಲ್ಲೇ ಏದುಸಿರು ಬಿಡುವವರನ್ನು ಬೆಳಗಾಗಲು ಕಾಯದೆ ಖಾಲಿ ಕುದುರೆಯ ಮೇಲೆ ಕೂರಿಸಿ, ಒಂದೊಂದು ಬದಿಗೆ ಒಬ್ಬರು ಹಿಡಿದು ಬಂದ ದಾರಿಯಲ್ಲೇ ಹಂಕರ್ ಕಡೆ ಇಳಿಸಿ. ಮೈಮೇಲೆ ಎಚ್ಚರವಿಲ್ಲದವರನ್ನು ಕುದುರೆಗೆ ಕಟ್ಟಬಾರದು, ಹೊತ್ತೇ ಇಳಿಸಬೇಕು.

ದಾಟುವ ದಿನ ನಾಲ್ಕಕ್ಕೆ ಕಾಳು, ಐದೂವರೆಗೆ ಹೊರಡಿ. ಸುಮಾರು 5,200 ಮೀಟರ್ ಮೇಲಿನ ತುದಿಯವರೆಗೆ ಕುದುರೆ ಐವತ್ತು ಹೆಜ್ಜೆಗೊಮ್ಮೆ ನಿಂತರೆ ನಿಲ್ಲಲಿ, ಹೊಡೆಯಬೇಡಿ. ತುದಿಯಲ್ಲಿ ಹೊಟ್ಟೆಪಟ್ಟಿ, ಬಾಲಪಟ್ಟಿ ಎರಡನ್ನೂ ಪರೀಕ್ಷಿಸಿ, ಹೇರನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಕಟ್ಟಿ. ಅಲ್ಲಿಂದ ಶಾಂಗ್ ಸುಮ್ದೊಗೆ ಸುಮಾರು ಒಂದೂವರೆ ಸಾವಿರ ಮೀಟರ್ ಇಳಿತ. ಇಕ್ಕಟ್ಟಿನ ಕಂದರದಲ್ಲಿ ತೊರೆಯನ್ನು ಮತ್ತೆ ಮತ್ತೆ ದಾಟಬೇಕು. ಹಿಂದಿನ ರಾತ್ರಿ ಮಳೆಯಾಗಿದ್ದರೆ ಈ ಕಂದರಕ್ಕೆ ಇಳಿಯದೆ ನಿಮಾಲಿಂಗ್‌ನಲ್ಲೇ ಒಂದು ದಿನ ಕಳೆಯಿರಿ. ಆ ಒಂದು ದಿನದ ಊಟ, ಕಾಳು ಚೀಲದಲ್ಲಿ ಹೆಚ್ಚಿಗೆ ಇರಬೇಕು.

ಶಾಂಗ್ ಸುಮ್ದೊದಲ್ಲಿ ವಾಹನ ಕಾಯುತ್ತಿರುತ್ತದೆ, ಎಲ್ಲರಿಗೂ ಸ್ನಾನದ ಅವಸರ. ಚೀಲಗಳನ್ನು ತುಂಬಿಸಿ ಆದ ಮೇಲೆ ಹತ್ತು ನಿಮಿಷ ಉಳಿಯಿರಿ. ಕುದುರೆಯವನ ಜೊತೆ ನಿಂತು ಏಳೂ ಬೆನ್ನುಗಳನ್ನು ಮುಟ್ಟಿ ನೋಡಿ, ಗಾಯವಿದ್ದರೆ ತೊಳೆದು ಔಷಧಿಯ ಬಾಟಲಿಯನ್ನು ಅವನಿಗೇ ಕೊಡಿ. ಹಿಂದಿರುಗುವ ದಿನದ ಕೂಲಿ ಸೇರಿಸಿ ಲೆಕ್ಕ ಚುಕ್ತಾ ಮಾಡಿ, ಉಳಿದ ಬಾರ್ಲಿಯ ಚೀಲವನ್ನು ಅಲ್ಲೇ ಇಳಿಸಿ. ಕುದುರೆಗಳಿಗೆ ಮನೆಗೆ ಇನ್ನೂ ಎರಡು ದಿನದ ದಾರಿ ಇರಬಹುದು.